ಕರುಳಿನ ಕ್ಯಾನ್ಸರೂ ನಮ್ಮ ಊಟದ ತಟ್ಟೆಯೂ

(ಸೋಮವಾರಪೇಟೆಯಲ್ಲಿ ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕೂಲಿ, ಬೋನಸ್ಸು, ಅಂಗಡಿ ಬಾಡಿಗೆ, ರೇಷನ್ನು ಇವುಗಳ ವಿಚಾರ ಮಾತನಾಡಲು ಸೇರುವ ನಮ್ಮ ಸಭೆಯಲ್ಲಿ ಇವೊತ್ತು ನಾನು ಒಂದು ರೋಗದ ವಿಚಾರ ಎತ್ತಿಕೊಂಡಿದ್ದೇನೆ. ಇದು ಡಾಕ್ಟರರ ಕೆಲಸ, ಪಕ್ಷಕ್ಕೆ ಇದರಲ್ಲೇನು ಕೆಲಸ ಎಂದು ಕೆಲವರಿಗೆ ಅನಿಸಬಹುದು. ಕೊನೆಯವರೆಗೆ ಕೇಳಿ, ಆಮೇಲೆ ನೀವೇ ತೀರ್ಮಾನ ಮಾಡಿ.

ರೋಗದ ಹೆಸರು ದೊಡ್ಡ ಕರುಳಿನ ಮತ್ತು ಗುದನಾಳದ ಕ್ಯಾನ್ಸರ್. 2022ನೆಯ ಇಸವಿಯ ಅಂದಾಜಿನಂತೆ ಪ್ರಪಂಚದಲ್ಲಿ ಆ ಒಂದು ವರ್ಷ ಸುಮಾರು 19 ಲಕ್ಷ ಜನಕ್ಕೆ ಇದು ಹೊಸದಾಗಿ ಬಂತು, ಸುಮಾರು 9 ಲಕ್ಷ ಜನ ಇದರಿಂದ ಸತ್ತರು. ನಮ್ಮ ದೇಶದ ಪಾಲು ಸುಮಾರು 70 ಸಾವಿರ ಹೊಸ ರೋಗಿಗಳು. ಜನಸಂಖ್ಯೆಗೆ ಹೋಲಿಸಿದರೆ ಇದು ಯೂರೋಪು, ಅಮೆರಿಕಾಗಳಿಗಿಂತ ಬಹಳ ಕಡಿಮೆ. ಆದರೆ ಅಲ್ಲಿ ರೋಗ ಮೊದಲ ಹಂತದಲ್ಲೇ ಸಿಕ್ಕಿಬಿದ್ದವರು ನೂರಕ್ಕೆ ಸುಮಾರು 90 ಮಂದಿ ಐದು ವರ್ಷ ದಾಟಿ ಬದುಕುತ್ತಾರೆ. ದೇಹದ ಬೇರೆ ಭಾಗಗಳಿಗೆ ಹರಡಿದ ಮೇಲೆ ಸಿಕ್ಕಿದವರಲ್ಲಿ ಐದು ವರ್ಷ ದಾಟುವವರು ನೂರಕ್ಕೆ ಸುಮಾರು 15 ಮಾತ್ರ. ನಮ್ಮಲ್ಲಿ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಲಾರದವನು ತಡವಾಗಿಯೇ ಹೋಗುತ್ತಾನೆ.

ಕ್ಯಾನ್ಸರ್ ಎಂದೊಡನೆ ಹಿಂದಿನವರು 'ಹಣೆಬರಹ' ಎನ್ನುತ್ತಿದ್ದರು. ಈಗ ಓದಿದವರು 'ಜೀನು' ಎನ್ನುತ್ತಾರೆ, ಅಂದರೆ ತಂದೆತಾಯಿಯಿಂದ ಬಂದ ವಂಶವಾಹಿ. ಮಾತು ಬದಲಾಯಿತು, ಉಪದೇಶ ಮಾತ್ರ ಹಳೆಯದೇ: ಕೈಕಟ್ಟಿ ಕೂತುಕೋ. ನಾನು ಇವೊತ್ತು ಹೇಳಬೇಕಾದದ್ದು ಅಂಥ ಒಂದು ಜೀನಿನ ಕಥೆ. ಅದು ಒಬ್ಬನನ್ನು ಕಾಯುತ್ತದೆ, ಇನ್ನೊಬ್ಬನನ್ನು ಕೈಬಿಡುತ್ತದೆ. ಯಾರನ್ನು ಕಾಯಬೇಕು, ಯಾರನ್ನು ಬಿಡಬೇಕು ಎಂಬುದು ತೀರ್ಮಾನವಾಗುವುದು ಅವರವರ ಊಟದ ತಟ್ಟೆಯಲ್ಲಿ.

ಬೊಂಬಾಯಿ ಗಿರಣಿಯ ಹೆಂಗಸರು

ಕಥೆ ಶುರುವಾಗುವುದು ಗಿರಣಿ ಕೆಲಸಗಾರರಿಂದಲೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ಡಾಕ್ಟರಮ್ಮ ಬೊಂಬಾಯಿಗೆ ಬಂದರು. ಬೊಂಬಾಯಿಯ ಬಟ್ಟೆಗಿರಣಿ ಕೆಲಸಗಾರರು ಆರು ತಿಂಗಳ ದೊಡ್ಡ ಮುಷ್ಕರ ನಡೆಸಿದ್ದೂ ಅದೇ ವರ್ಷ. ಆಗ ಅಲ್ಲಿ ಬಸುರಿ ಹೆಂಗಸರು, ಅವರಲ್ಲೂ ಬಟ್ಟೆಗಿರಣಿಯಲ್ಲಿ ದುಡಿಯುವ ಬಡವರು, ಒಂದು ಬಗೆಯ ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ಅವರ ರಕ್ತದ ಕಣಗಳು ಎಣಿಕೆಯಲ್ಲಿ ಕಡಿಮೆ, ಗಾತ್ರದಲ್ಲಿ ಊದಿಕೊಂಡವು. ಕಬ್ಬಿಣದ ಔಷಧಿ ಕೊಟ್ಟರೂ ಪ್ರಯೋಜನವಾಗುತ್ತಿರಲಿಲ್ಲ.

ಲೂಸಿ ವಿಲ್ಸ್ ರೋಗಾಣುವನ್ನು ಹುಡುಕಿದ ಹಾಗೆಯೇ ಅಡಿಗೆಮನೆಯನ್ನೂ ಹುಡುಕಿದರು. ಯಾರು ಏನು ತಿನ್ನುತ್ತಾರೆ ಎಂದು ಬರೆದಿಟ್ಟರು. ಸೊಪ್ಪು, ತರಕಾರಿ, ಹಣ್ಣು, ಹಾಲು, ಮಾಂಸ ಯಾವುದೂ ಸರಿಯಾಗಿ ಸಿಗದ ಮನೆಗಳಲ್ಲೇ ರೋಗ ಹೆಚ್ಚೆಂದು ಕಂಡಿತು. ಅದೇ ಬಡ ಊಟವನ್ನು ಪ್ರಯೋಗಶಾಲೆಯಲ್ಲಿ ಇಲಿಗಳಿಗೂ ಕೋತಿಗಳಿಗೂ ಕೊಟ್ಟು ನೋಡಿದರು. ನಮ್ಮ ಪಕ್ಕದ ನೀಲಗಿರಿಯ ಕೂನೂರಿನಲ್ಲಿಯೂ ಕೆಲವು ಕಾಲ ಕೆಲಸ ಮಾಡಿದರು. ಕೊನೆಗೆ ಗುಣ ಕಂಡದ್ದು ಮಾರ್ಮೈಟ್ ಎಂಬ ಅಗ್ಗದ ಪದಾರ್ಥದಿಂದ. ಬಿಯರ್ ತಯಾರಿಸಿದ ಮೇಲೆ ಉಳಿಯುವ ಹುದುಗಿನ ಸಾರ ಅದು. ಅದನ್ನು ತಿಂದ ಹೆಂಗಸರು ಎದ್ದು ಕೂತರು. 1931ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಹುದುಗಿನಲ್ಲಿ ಇದ್ದ ಆ ವಸ್ತು ಯಾವುದು ಎಂಬುದು ಹತ್ತು ವರ್ಷ ಗೊತ್ತಾಗಲಿಲ್ಲ. 1941ರಲ್ಲಿ ಅಮೆರಿಕಾದಲ್ಲಿ ಟನ್ನುಗಟ್ಟಲೆ ಪಾಲಕ್ ಸೊಪ್ಪನ್ನು ಅರೆದು ಸೋಸಿ ಅದನ್ನು ಬೇರ್ಪಡಿಸಿದರು. ಲ್ಯಾಟಿನ್ ಭಾಷೆಯಲ್ಲಿ ಎಲೆಗೆ ಫೋಲಿಯಂ ಎಂದು ಹೆಸರು. ಹಾಗಾಗಿ ಇದು ಫೋಲಿಕ್ ಆಮ್ಲವಾಯಿತು, ಆಹಾರದಲ್ಲಿರುವ ರೂಪಕ್ಕೆ ಫೋಲೇಟು ಎಂದು ಹೆಸರು ಬಂತು. 1945ರಲ್ಲಿ ಇದನ್ನು ಕಾರ್ಖಾನೆಯಲ್ಲಿ ತಯಾರಿಸುವ ವಿಧಾನ ಕಂಡುಹಿಡಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಂದರೆ ಈ ವಿದ್ಯೆಗೆ ನಮ್ಮ ದೇಶದ ಗಿರಣಿ ಹೆಂಗಸರ ರಕ್ತವೂ ಸಂದಿದೆ, ನಮ್ಮ ದೇಶದ ವಿಜ್ಞಾನಿಯ ಬುದ್ಧಿಯೂ ಸಂದಿದೆ.

ಕೆರೆ ಒಂದು, ಕಾಲುವೆ ಎರಡು

ಈ ಫೋಲೇಟಿಗೂ ಕರುಳಿಗೂ ಏನು ಸಂಬಂಧ? ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ಸವೆದು ಹೊಸದಾಗುತ್ತವೆ. ಒಂದು ಕೋಶ ಎರಡಾಗಬೇಕಾದರೆ ಒಳಗಿರುವ ಡಿ.ಎನ್.ಎ. ಎಂಬ ದಸ್ತಾವೇಜನ್ನು ಪೂರ್ತಿ ನಕಲು ಮಾಡಬೇಕು. ಆ ದಸ್ತಾವೇಜು ನಾಲ್ಕೇ ಅಕ್ಷರಗಳಲ್ಲಿ ಬರೆದದ್ದು. ಅವುಗಳಲ್ಲಿ ಒಂದು ಅಕ್ಷರವನ್ನು ತಯಾರಿಸುವುದಕ್ಕೆ ಫೋಲೇಟು ಬೇಕೇ ಬೇಕು. ಸಾಲದೆ ಬಂದರೆ ಕೋಶವು ಆ ಜಾಗದಲ್ಲಿ ತಪ್ಪು ಅಕ್ಷರ ಕೂರಿಸುತ್ತದೆ. ಆಮೇಲೆ ತಪ್ಪನ್ನು ಕಿತ್ತು ಸರಿಮಾಡಲು ಹೋಗುತ್ತದೆ. ಹಾಗೆ ಕಿತ್ತೂ ಕಿತ್ತೂ ದಸ್ತಾವೇಜೇ ಹರಿಯುತ್ತದೆ. ಕ್ಯಾನ್ಸರಿಗೆ ದಾರಿ ಮಾಡಿಕೊಡುವ ಕೆಡುಕುಗಳಲ್ಲಿ ಇದು ಒಂದು.

ಫೋಲೇಟಿಗೆ ಎರಡನೆಯ ಕೆಲಸವೂ ಉಂಟು. ಯಾವ ಜೀನು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ದಸ್ತಾವೇಜಿನ ಮೇಲೆ ಹಾಕುವ ಗುರುತುಗಳಿಗೂ ಅದೇ ಸಾಮಗ್ರಿ ಬೇಕು.

ನಮ್ಮ ಗದ್ದೆಯ ಲೆಕ್ಕದಲ್ಲಿ ಹೇಳುತ್ತೇನೆ. ಫೋಲೇಟು ಕೆರೆಯ ನೀರು. ಕೆರೆಯಿಂದ ಎರಡು ಕಾಲುವೆ ಹೊರಟಿವೆ. ಮೊದಲನೆಯದು ಅಕ್ಷರ ತಯಾರಿಸುವ ಗದ್ದೆಗೆ, ಎರಡನೆಯದು ಗುರುತು ಹಾಕುವ ಗದ್ದೆಗೆ. ಎರಡನೆಯ ಕಾಲುವೆಯ ತೂಬಿನಲ್ಲಿ ಒಬ್ಬ ನೀರುಗಂಟಿ ಇದ್ದಾನೆ. ಅವನು ಒಂದು ಕಿಣ್ವ. ಹೆಸರು ಉದ್ದ, ಗಿಡ್ಡ ಮಾಡಿ ಎಂ.ಟಿ.ಎಚ್.ಎಫ್.ಆರ್. ಎನ್ನುತ್ತಾರೆ. ಈ ನೀರುಗಂಟಿಯನ್ನು ತಯಾರಿಸುವ ಜೀನಿನಲ್ಲಿ ಕೆಲವರಿಗೆ 677ನೆಯ ಸ್ಥಾನದ ಒಂದೇ ಒಂದು ಅಕ್ಷರ ಬೇರೆಯಾಗಿರುತ್ತದೆ. 1995ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ವಿಜ್ಞಾನಿಗಳು ಇದನ್ನು ಕಂಡುಹಿಡಿದರು. ತಂದೆ ತಾಯಿ ಇಬ್ಬರ ಕಡೆಯಿಂದಲೂ ಈ ಬದಲಾದ ಅಕ್ಷರ ಬಂದವರಲ್ಲಿ ನೀರುಗಂಟಿಯ ಶಕ್ತಿ ಮೂರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಅವನು ತೂಬನ್ನು ಪೂರ್ತಿ ಎತ್ತಲಾರ.

ಒಂದೇ ಜೀನು, ಎರಡು ಫಲ

ಈಗ ನೋಡಿ ತಮಾಷೆ. ಕೆರೆ ತುಂಬಿದ್ದರೆ, ಎರಡನೆಯ ತೂಬು ಬಿಗಿಯಾಗಿದ್ದಷ್ಟೂ ನೀರು ಮೊದಲನೆಯ ಕಾಲುವೆಗೆ ಹೆಚ್ಚು ಹರಿಯುತ್ತದೆ. ಅಕ್ಷರಗಳು ಹೇರಳವಾಗಿ ತಯಾರಾಗುತ್ತವೆ, ನಕಲಿನಲ್ಲಿ ತಪ್ಪು ಕಡಿಮೆಯಾಗುತ್ತದೆ. ಹಾಗಾದರೆ ದುರ್ಬಲ ನೀರುಗಂಟಿ ಇರುವವನಿಗೆ ಕರುಳಿನ ಕ್ಯಾನ್ಸರ್ ಕಡಿಮೆ ಬರಬೇಕಲ್ಲವೆ? ಅಮೆರಿಕಾದಲ್ಲಿ 22 ಸಾವಿರ ಗಂಡಸು ಡಾಕ್ಟರರನ್ನು 1982ರಿಂದ ಅನುಸರಿಸಿಕೊಂಡು ಬಂದ ಒಂದು ಅಧ್ಯಯನವಿದೆ. 1997ರಲ್ಲಿ ಅವರಲ್ಲಿ ರೋಗ ಬಂದವರ ಮತ್ತು ಬಾರದವರ ರಕ್ತ ಹೋಲಿಸಿ ನೋಡಿದರು. ಬದಲಾದ ಜೀನು ಎರಡು ಕಡೆಯಿಂದಲೂ ಬಂದವರಲ್ಲಿ, ರಕ್ತದಲ್ಲಿ ಫೋಲೇಟು ಸಾಕಷ್ಟು ಇದ್ದಾಗ, ಅಪಾಯ ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು.

ಆದರೆ ಅದೇ ಜೀನು ಇದ್ದು ಫೋಲೇಟು ಕಡಿಮೆ ಇದ್ದವರಿಗೆ ಈ ರಕ್ಷಣೆ ಸಿಗಲೇ ಇಲ್ಲ. ಹೆಂಡ ಹೆಚ್ಚು ಕುಡಿಯುವವರಲ್ಲೂ ಲಾಭ ಅಳಿಸಿಹೋಗುತ್ತದೆ ಎಂದು ಆ ಕಾಲದ ಅಧ್ಯಯನಗಳು ತೋರಿಸಿದವು. ಕೆರೆ ಒಣಗಿದರೆ ಎರಡು ಗದ್ದೆಯೂ ಬಿರಿಯುತ್ತದೆ. ತೂಬು ಬಿಗಿಯೋ ಸಡಿಲವೋ ಎಂಬುದರಿಂದ ಏನು ಬಂತು? ಮುಂದೆ ಅನೇಕ ದೇಶಗಳ ಸಾವಿರಾರು ರೋಗಿಗಳ ಲೆಕ್ಕ ಕೂಡಿಸಿದಾಗ ಈ ಜೀನಿನ ಲಾಭ ಮೊದಲು ಕಂಡಷ್ಟು ದೊಡ್ಡದಲ್ಲ, ಸಣ್ಣದು ಎಂದು ಗೊತ್ತಾಯಿತು. ಆದರೂ ಪಾಠ ನಿಂತಿದೆ. ಹುಟ್ಟಿನಿಂದ ಬಂದದ್ದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಹುಟ್ಟಿದಾಗಲೇ ಗೊತ್ತಾಗಿರುವುದಿಲ್ಲ.

ಇನ್ನೂ ಒಂದು ಮಾತು. ಈ ಬದಲಾದ ಅಕ್ಷರ ಇಟಲಿ, ಮೆಕ್ಸಿಕೊ, ಉತ್ತರ ಚೀನಾದ ಜನರಲ್ಲಿ ಹೆಚ್ಚು. ನಮ್ಮ ದೇಶದವರಲ್ಲಿ ಕಡಿಮೆ. ಹಾಗಾಗಿ ಈ ಸಭೆಯಲ್ಲಿರುವ ಬಹುಮಂದಿಗೆ ನೀರುಗಂಟಿಯ ಚಿಂತೆಗಿಂತ ಕೆರೆಯ ಚಿಂತೆಯೇ ಮುಖ್ಯ.

ಮಾತ್ರೆಯಿಂದಲೇ ಮುಗಿಯದು

ಹಾಗಾದರೆ ಎಲ್ಲರಿಗೂ ಫೋಲಿಕ್ ಮಾತ್ರೆ ಹಂಚಿದರೆ ಮುಗಿಯಿತಲ್ಲ ಎಂದು ಕೇಳಬಹುದು. ಇಲ್ಲಿ ಎಚ್ಚರ ಬೇಕು. 1940ರ ದಶಕದಲ್ಲಿ ಬಾಸ್ಟನ್ ನಗರದ ಡಾಕ್ಟರ್ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಫೋಲಿಕ್ ಆಮ್ಲದ ರೂಪಗಳನ್ನು ಕೊಟ್ಟರು. ರೋಗ ತಗ್ಗುವ ಬದಲು ವೇಗವಾಗಿ ಬೆಳೆದಂತೆ ಕಂಡಿತು. ಕ್ಯಾನ್ಸರಿನ ಕೋಶಕ್ಕೂ ಅಕ್ಷರ ಬೇಕು, ಅದಕ್ಕೂ ಫೋಲೇಟೇ ಅನ್ನ. ಆಗ ಅವರು ದಾರಿ ತಿರುಗಿಸಿ, ಸುಬ್ಬರಾವ್ ಅವರ ತಂಡ ತಯಾರಿಸಿದ ಫೋಲೇಟು ವಿರೋಧಿ ಔಷಧಿಯನ್ನು ಕೊಟ್ಟರು. 16 ಮಕ್ಕಳಲ್ಲಿ 10 ಮಂದಿ ಸ್ವಲ್ಪ ಕಾಲವಾದರೂ ಚೇತರಿಸಿಕೊಂಡರು. 1948ರಲ್ಲಿ ಇದು ಪ್ರಕಟವಾಯಿತು. ಕ್ಯಾನ್ಸರಿಗೆ ಔಷಧಿ ಉಂಟು ಎಂಬ ನಂಬಿಕೆ ಬೇರೂರಿದ್ದು ಹೀಗೆ. ಕರುಳಿನ ಕ್ಯಾನ್ಸರಿಗೆ ಇಂದಿಗೂ ಕೊಡುವ ಫ್ಲೂರೊಯುರಾಸಿಲ್ ಎಂಬ ಔಷಧಿ ಕೆಲಸ ಮಾಡುವುದು ನಾನು ಹೇಳಿದ ಮೊದಲನೆಯ ಕಾಲುವೆಗೆ ಕಟ್ಟೆ ಹಾಕಿಯೇ.

ದೊಡ್ಡ ಕರುಳಿನಲ್ಲಿ ಮೊದಲು ಸಣ್ಣ ಗಂಟುಗಳು ಏಳುತ್ತವೆ. ಕೆಲವು ವರ್ಷಾನುಗಟ್ಟಲೆ ಬೆಳೆದು ಕ್ಯಾನ್ಸರಾಗುತ್ತವೆ. ಅಂಥ ಗಂಟು ತೆಗೆಸಿಕೊಂಡಿದ್ದ 1,021 ಜನರ ಮೇಲೆ ಅಮೆರಿಕಾ ಕಡೆ ಒಂದು ಪರೀಕ್ಷೆ ನಡೆಯಿತು. ಅವರಲ್ಲಿ ಅರ್ಧದಷ್ಟು ಜನಕ್ಕೆ ದಿನಕ್ಕೆ ಒಂದು ಮಿಲಿಗ್ರಾಂ ಫೋಲಿಕ್ ಆಮ್ಲ ಕೊಟ್ಟರು. 2007ರಲ್ಲಿ ಫಲಿತಾಂಶ ಬಂತು: ಹೊಸ ಗಂಟುಗಳು ಕಡಿಮೆಯಾಗಲಿಲ್ಲ; ಕೆಲವರಲ್ಲಿ ಹೆಚ್ಚಿರಬಹುದೆಂಬ ಸುಳಿವೂ ಕಂಡಿತು. 2013ರಲ್ಲಿ ಸುಮಾರು 50 ಸಾವಿರ ಜನರ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಮಾತ್ರೆಯಿಂದ ಕ್ಯಾನ್ಸರ್ ಗಣನೀಯವಾಗಿ ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ಗೋಡೆ ಕಟ್ಟುವ ಮೊದಲು ಒಳ್ಳೆಯ ಗಾರೆ ಹಾಕಿದರೆ ಮನೆ ನಿಲ್ಲುತ್ತದೆ. ಬಿರುಕು ಬಿಟ್ಟ ಮೇಲೆ ಗಾರೆಯ ಮೂಟೆ ತಂದು ಸುರಿದರೆ ಆಗುವುದೇನು?

ಒಂದು ಮಾತನ್ನು ತಪ್ಪು ತಿಳಿಯಬೇಡಿ. ಬಸುರಿಯರು ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ತಪ್ಪದೆ ನುಂಗಬೇಕು. ಮಗುವಿನ ಬೆನ್ನುಹುರಿ ಸರಿಯಾಗಿ ಮುಚ್ಚದೆ ಹುಟ್ಟುವ ದೋಷ ಫೋಲಿಕ್ ಆಮ್ಲದಿಂದ ನೂರಕ್ಕೆ 72ರಷ್ಟು ಕಡಿಮೆಯಾಯಿತೆಂದು 1991ರ ದೊಡ್ಡ ಪರೀಕ್ಷೆ ಸಾಧಿಸಿತು. ಬಸುರಾಗುವ ಮೊದಲೇ ಶುರುಮಾಡಿದರೆ ಇನ್ನೂ ಒಳ್ಳೆಯದು. ಅಲ್ಲಿ ಮಾತ್ರೆ ಮಗುವಿನ ಹಕ್ಕು. ಬೇರೆಯವರು ಮಾತ್ರ ಡಾಕ್ಟರು ಹೇಳದೆ ಡಬ್ಬಿಗಟ್ಟಲೆ ಕೊಂಡು ನುಂಗುವುದರಲ್ಲಿ ಅರ್ಥವಿಲ್ಲ. ಮಾಂಸ ತಿನ್ನದವರಿಗೆ ಇನ್ನೊಂದು ಎಚ್ಚರಿಕೆ: ಅವರಿಗೆ ಬಿ-12 ಎಂಬ ಜೀವಸತ್ವ ಕಡಿಮೆ ಇರಬಹುದು. ಬರೀ ಫೋಲಿಕ್ ಆಮ್ಲ ನುಂಗಿದರೆ ರಕ್ತ ಸರಿಯಾದಂತೆ ಕಂಡು, ಒಳಗೆ ನರ ಕೆಡುತ್ತಾ ಹೋಗಬಹುದು. ಹಾಲು ಮೊಸರಿನಲ್ಲಿ ಬಿ-12 ಇದೆ, ಸೊಪ್ಪಿನಲ್ಲಿ ಇಲ್ಲ.

ಜೀನು ಮಾರುವ ಅಂಗಡಿ

ಈಗ ಕೆಲವು ಕಂಪನಿಗಳು ಜೊಲ್ಲು ತೆಗೆದುಕೊಂಡು ಜೀನಿನ ಪಟ್ಟಿ ಮಾಡಿಕೊಡುತ್ತೇವೆ ಎಂದು ಸಾವಿರಾರು ರೂಪಾಯಿ ಕೇಳುತ್ತವೆ. ಎಂ.ಟಿ.ಎಚ್.ಎಫ್.ಆರ್. ಜೀನೂ ಆ ಪಟ್ಟಿಯಲ್ಲಿರುತ್ತದೆ. ಪಟ್ಟಿಯ ಹಿಂದೆಯೇ ವಿಶೇಷ ಮಾತ್ರೆಯೂ ಬರುತ್ತದೆ. ಈ ಜೀನಿನ ಪರೀಕ್ಷೆಯಿಂದ ಕರುಳಿನ ಕ್ಯಾನ್ಸರಿನ ವಿಷಯದಲ್ಲಿ ನೀವು ಮಾಡಬೇಕಾದ ಯಾವ ಕೆಲಸವೂ ಬದಲಾಗುವುದಿಲ್ಲ. ಪಟ್ಟಿಯಲ್ಲಿ ಏನೇ ಬರಲಿ, ಸೊಪ್ಪು ತಿನ್ನಿ, ಹೆಂಡ ಬಿಡಿ ಎಂದೇ ಹೇಳಬೇಕು. ಆ ಬುದ್ಧಿಮಾತಿಗೆ ಹಣ ಕೊಡಬೇಕೆ? ಸಾಮಾನು ತೂಕ ಮಾಡಿ ಮಾರುವ ವ್ಯಾಪಾರಿ ಮಿತ್ರರಿಗೆ ಈ ವ್ಯವಹಾರದ ಗುಟ್ಟು ಬೇಗ ಹೊಳೆಯುತ್ತದೆ.

ಆದರೆ ನಿಜವಾಗಿ ಬಲವಾದ ಜೀನುಗಳೂ ಇವೆ. ಲಿಂಚ್ ಎಂಬ ಹೆಸರಿನ ವಂಶಪಾರಂಪರ್ಯ ದೋಷ ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಇರುತ್ತದೆ. ಕರುಳಿನ ತುಂಬ ನೂರಾರು ಗಂಟು ಏಳಿಸುವ ಇನ್ನೊಂದು ದೋಷವೂ ಉಂಟು. ಅದು ಇನ್ನೂ ಅಪರೂಪ. ನಿಮ್ಮ ಮನೆತನದಲ್ಲಿ ಹತ್ತಿರದ ರಕ್ತಸಂಬಂಧಿಗಳು ಇಬ್ಬರು ಮೂವರಿಗೆ ಈ ರೋಗ ಬಂದಿದ್ದರೆ, ಅಥವಾ ಯಾರಿಗಾದರೂ 50 ವರ್ಷದೊಳಗೆ ಬಂದಿದ್ದರೆ, ಅದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಹೆಣ್ಣು ಗಂಡು ಕೊಡುವಾಗ ತೊಂದರೆಯಾದೀತೆಂದು ಮುಚ್ಚಿಟ್ಟರೆ ಮುಂದಿನ ಪೀಳಿಗೆ ಬೆಲೆ ತೆರಬೇಕಾಗುತ್ತದೆ.

ಕೊಡಗಿನ ತಟ್ಟೆಯಲ್ಲಿ ಏನಿದೆ?

ಕೆರೆ ತುಂಬುವುದು ಹೇಗೆ? ಗಂಡಸಿಗೆ ದಿನಕ್ಕೆ 300 ಮೈಕ್ರೊಗ್ರಾಂ, ಹೆಂಗಸಿಗೆ 220, ಬಸುರಿಗೆ 570 ಮೈಕ್ರೊಗ್ರಾಂ ಫೋಲೇಟು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿತು. ಇದಕ್ಕೆ ಪರದೇಶದ ಡಬ್ಬಿ ಬೇಡ. ಹರಿವೆ, ದಂಟು, ಬಸಳೆ, ನುಗ್ಗೆ, ಪಾಲಕ್ ಸೊಪ್ಪು, ಕಡಲೆ, ಅಲಸಂದೆ, ಹೆಸರು ಕಾಳು, ಕಡಲೆಕಾಯಿ, ಮೊಟ್ಟೆ, ನಮ್ಮ ಕೊಡಗಿನ ಕಿತ್ತಳೆ ಎಲ್ಲದರಲ್ಲೂ ಇದು ಉಂಟು. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಅತ್ಯಲ್ಪ. ರಾಗಿಯಲ್ಲಿ ಅದಕ್ಕಿಂತ ಹೆಚ್ಚು.

ಫೋಲೇಟು ನೀರಿನಲ್ಲಿ ಕರಗುತ್ತದೆ, ಹೆಚ್ಚು ಬೇಯಿಸಿದರೆ ಹಾಳಾಗುತ್ತದೆ. ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಅದರ ದೊಡ್ಡ ಪಾಲು ಬಚ್ಚಲಿಗೆ ಹೋಗುತ್ತದೆ. ನಮ್ಮ ಅಜ್ಜಿಯರು ಬಸಿದ ನೀರನ್ನೇ ಬಸ್ಸಾರು ಮಾಡಿದರು. ಬಡತನ ಕಲಿಸಿದ ಆ ಅಡಿಗೆ ವಿಜ್ಞಾನಕ್ಕೂ ಒಪ್ಪುವಂಥದು.

ಕೆರೆಯ ಏರಿ ಒಡೆಯುವುದು ಹೆಂಡ. ಅದು ಕರುಳು ಫೋಲೇಟನ್ನು ಹೀರದಂತೆ ಮಾಡುತ್ತದೆ, ಒಳಗಿರುವುದನ್ನೂ ಕೆಡಿಸುತ್ತದೆ. ಅದಲ್ಲದೆ ಹೆಂಡ ತಾನೇ ಕ್ಯಾನ್ಸರ್ ತರುವ ವಸ್ತು. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು, ಆದರೆ ಅದರ ಜಾಗಕ್ಕೆ ಬೇರೆ ಮದ್ಯ ಬಂತು. ಸರಕಾರದ ಬೊಕ್ಕಸ ಇಂದಿಗೂ ಅಬಕಾರಿ ಆದಾಯದ ಮೇಲೆ ಕಣ್ಣಿಟ್ಟಿದೆ. ದಿನವಿಡೀ ಮೂಟೆ ಹೊತ್ತ ಮೈನೋವಿಗೆ ಕುಡಿಯುತ್ತೇನೆ ಎನ್ನುವವನನ್ನು ಬಯ್ದು ಪ್ರಯೋಜನವಿಲ್ಲ. ಮೂಟೆಯ ತೂಕ ಕಡಿಮೆ ಮಾಡಿಸುವ ಹೋರಾಟವೂ ಕುಡಿತ ಬಿಡಿಸುವ ಕೆಲಸವೂ ಜೊತೆಯಲ್ಲೇ ನಡೆಯಬೇಕು.

ಮಾಂಸದ ವಿಚಾರ ಹೇಳಿದರೆ ಕೊಡಗಿನಲ್ಲಿ ಕೆಲವರಿಗೆ ಕೋಪ ಬರಬಹುದು. ಹಬ್ಬದ ದಿನದ ಹಂದಿ ಪದಾರ್ಥವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ಆದರೆ ಹೊಗೆಹಾಕಿದ, ಉಪ್ಪುಹಾಕಿ ಬಹುಕಾಲ ಇಟ್ಟ ಮಾಂಸವನ್ನು ದಿನವೂ 50 ಗ್ರಾಂ ತಿಂದರೆ ಈ ರೋಗದ ಸಂಭವ ನೂರಕ್ಕೆ 18ರಷ್ಟು ಏರುತ್ತದೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿತು. ಹಾಗಾಗಿ ಅದು ದಿನದ ಊಟವಾಗದಿರಲಿ. ಬೀಡಿ ಸಿಗರೇಟೂ ಈ ರೋಗಕ್ಕೆ ಸಹಾಯಕ. ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ವ್ಯಾಪಾರಿಗಳು ದಿನಕ್ಕೆ ಅರ್ಧ ಗಂಟೆಯಾದರೂ ಬಿರುಸಾಗಿ ನಡೆಯಬೇಕು. ಮೈ ಚಲನೆ ಕರುಳಿನ ಕ್ಯಾನ್ಸರನ್ನು ತಗ್ಗಿಸುತ್ತದೆ.

ರಕ್ತ ಕಂಡರೆ ಸುಮ್ಮನಿರಬೇಡಿ

ಮಲದಲ್ಲಿ ರಕ್ತ ಕಂಡರೆ ನಮ್ಮವರು ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ ನಾಟಿ ಔಷಧಿ ತಿನ್ನುತ್ತಾರೆ. ಹಲವು ಸಲ ಅದು ಮೂಲವ್ಯಾಧಿಯೇ ಇದ್ದೀತು. ಆದರೆ ನೋಡದೆ ಹೇಳುವಂತಿಲ್ಲ. ಮಲದ ಅಭ್ಯಾಸ ಕೆಲವು ವಾರ ಬದಲಾಗಿಯೇ ಉಳಿದರೆ, ಕಾರಣವಿಲ್ಲದೆ ತೂಕ ಇಳಿದರೆ, ಹೊಟ್ಟೆನೋವು ಬಿಡದಿದ್ದರೆ ತೋರಿಸಿ. ನಡುವಯಸ್ಸು ದಾಟಿದ ಗಂಡಸಿಗೆ ರಕ್ತಹೀನತೆ ಬಂದರೆ ಬರೀ ಕಬ್ಬಿಣದ ಮಾತ್ರೆ ಪಡೆದು ಮನೆಗೆ ಬರಬೇಡಿ. ರಕ್ತ ಎಲ್ಲಿ ಸೋರುತ್ತಿದೆ ಎಂದು ಕೇಳಿ.

ಸೋಮವಾರಪೇಟೆಯಿಂದ ಮಡಿಕೇರಿಗೆ ಸುಮಾರು 40 ಕಿಲೊಮೀಟರು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಇನ್ನೂರಕ್ಕೂ ಮೇಲು. ಹೋಗಿ ಬರುವುದೆಂದರೆ ಕೆಲಸಗಾರನಿಗೆ ಕೂಲಿ ಹೋಯಿತು. ವ್ಯಾಪಾರಿಗೆ ಸಂತೆಯ ದಿನ ಅಂಗಡಿ ಮುಚ್ಚಿತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಆದರೆ ತಪ್ಪಿದ ದಿನಗೂಲಿಯನ್ನು ಆ ಕಾರ್ಡು ತುಂಬಿಕೊಡುವುದಿಲ್ಲ. 30 ವರ್ಷ ದಾಟಿದವರಿಗೆ ಸರಕಾರ ನಡೆಸುವ ಕ್ಯಾನ್ಸರ್ ತಪಾಸಣೆ ಶುರುವಾದದ್ದು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿಗಾಗಿ. ಕರುಳು ಆ ಪಟ್ಟಿಯಲ್ಲಿ ಸೇರಿರಲಿಲ್ಲ.

ನಮ್ಮ ಬೇಡಿಕೆ

1963ರಲ್ಲಿ ಡಾಕ್ಟರ್ ರಾಮಮನೋಹರ ಲೋಹಿಯಾ ಲೋಕಸಭೆಯಲ್ಲಿ ಎದ್ದುನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರು ಆಣೆಯಲ್ಲಿ ಬದುಕುತ್ತಿದ್ದಾರೆ ಎಂದರು. ಮೂರು ಆಣೆ ಅಲ್ಲ, ಹದಿನೈದು ಆಣೆ ಎಂದು ಸರಕಾರ ವಾದಿಸಿತು. ಆ ಆಣೆಯ ಲೆಕ್ಕ ಹಳೆಯದಾಯಿತು. ಆದರೆ ಪ್ರಶ್ನೆ ಹಳೆಯದಾಗಿಲ್ಲ: ಆ ದುಡ್ಡಿನಲ್ಲಿ ತಟ್ಟೆಗೆ ಏನು ಬೀಳುತ್ತದೆ? ಬರೀ ಅಕ್ಕಿ ಕೊಟ್ಟರೆ ಹೊಟ್ಟೆ ತುಂಬೀತು, ಕೆರೆ ತುಂಬುವುದಿಲ್ಲ. ಪಡಿತರದ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಬೆರೆಸುವ ಏರ್ಪಾಟನ್ನು ಸರಕಾರ ಮಾಡಿತ್ತು. ಬೆರೆಸಿದ ಅಕ್ಕಿ ಬಂತೆಂದು ಬೇಳೆಕಾಳು ಕೇಳುವುದನ್ನು ನಾವು ನಿಲ್ಲಿಸಬಾರದು.

ನಾವು ಕೇಳಬೇಕಾದದ್ದು ಇಷ್ಟು. ಪಡಿತರದಲ್ಲಿ ಅಕ್ಕಿಯ ಜೊತೆಗೆ ರಾಗಿ ಮತ್ತು ಕಾಳು ತಪ್ಪದೆ ಬರಬೇಕು. ಗಿರಣಿಯಲ್ಲಿ, ತೋಟದಲ್ಲಿ ಕ್ಯಾಂಟೀನ್ ಇರಬೇಕು, ಅಲ್ಲಿ ದಿನಕ್ಕೊಮ್ಮೆ ಸೊಪ್ಪು ಮತ್ತು ಕಾಳಿನ ಊಟ ಬಡಿಸಬೇಕು. 150 ಕೆಲಸಗಾರರಿರುವ ತೋಟಕ್ಕೆ ಕ್ಯಾಂಟೀನ್ ಬೇಕೆಂಬ ತತ್ವವನ್ನು 1951ರ ತೋಟ ಕಾರ್ಮಿಕರ ಕಾಯಿದೆಯೇ ಒಪ್ಪಿತ್ತು. ಕಾಯಿದೆಗಳ ಹೆಸರು ಬದಲಾಯಿತೆಂದು ಆ ಹಕ್ಕನ್ನು ನಾವು ಮರೆಯಬೇಕಾಗಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಮಲದ ರಕ್ತಪರೀಕ್ಷೆ ಪುಕ್ಕಟೆ ಆಗಬೇಕು, ಕೊಳವೆ ಹಾಕಿ ಕರುಳು ನೋಡುವ ಪರೀಕ್ಷೆ ಜಿಲ್ಲಾ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಕಾಯಿಸದೆ ಸಿಗಬೇಕು. ಪರೀಕ್ಷೆಯ ದಿನಕ್ಕೆ ಕೂಲಿ ಸಹಿತ ರಜೆ ಬೇಕು.

ಸರಕಾರ ಕೊಡುವವರೆಗೆ ಕಾಯದೆ ನಾವೇ ಮಾಡಬಹುದಾದದ್ದೂ ಉಂಟು. ಲೈನು ಮನೆಯ ಹಿತ್ತಿಲಲ್ಲಿ ನಾಲ್ಕು ನುಗ್ಗೆ ಕಡ್ಡಿ, ಒಂದು ಬಸಳೆ ಬಳ್ಳಿ ನೆಡಲು ಯಾವ ಮಾಲೀಕನ ಅಪ್ಪಣೆಯೂ ಬೇಕಾಗಬಾರದು. ಅಪ್ಪಣೆ ಬೇಕು ಎಂದರೆ ಅದೇ ನಮ್ಮ ಮುಂದಿನ ಸಭೆಯ ಮೊದಲನೆಯ ವಿಷಯವಾಗಲಿ.

ಸಂಗಾತಿಗಳೆ, ಜೀನು ನಮ್ಮ ಕೈಯಲ್ಲಿಲ್ಲ. ಕೂಲಿಯೂ ತಟ್ಟೆಯೂ ಆಸ್ಪತ್ರೆಯೂ ಮನುಷ್ಯರು ಮಾಡಿದ ಏರ್ಪಾಟು, ಮನುಷ್ಯರೇ ಅದನ್ನು ಬದಲಾಯಿಸಬಲ್ಲರು. ಬೊಂಬಾಯಿಯ ಗಿರಣಿ ಹೆಂಗಸರ ಸಾವಿಗೆ ಕಾರಣ ಅವರ ತಟ್ಟೆಯಲ್ಲಿ ಕಂಡಿತು. ಅದು ಕಂಡು ಸುಮಾರು ನೂರು ವರ್ಷವಾಗುತ್ತ ಬಂತು. ಇನ್ನೂ ಆ ತಟ್ಟೆ ಖಾಲಿ ಇದ್ದರೆ ತಪ್ಪು ಹಣೆಬರಹದ್ದಲ್ಲ.